ಕಂಬದ ಮೇಲಿನ ಕನ್ನಡ

ತೆಲುಗು ಸೀಮೆಯ ಲಿಂಗಂಪಲ್ಲಿಯ ಆಚೆ, ನಮ್ಮ ಬಡಾವಣೆಯ ಹಿಂದೆ, ಚಾಲುಕ್ಯರ ಕಾಲದ ಶಿವಾಲಯವಿದೆ. ಅದರ ದುಂಡು ಕಂಬವೊಂದರ ಮೇಲೆ ಕನ್ನಡ ಶಾಸನವಿತ್ತು. ತಿಳಿದವರನ್ನು ಕರೆತಂದು ಓದಿಸಬೇಕೆಂದು ವರ್ಷಗಟ್ಟಲೆ ಅಂದುಕೊಂಡೇ ಇದ್ದೆ.

ಜೀರ್ಣೋದ್ಧಾರ ಶುರುವಾದ ವಾರ ನಾನು ಅಲ್ಲಿಗೆ ಹೋದರೆ, ಕೆಲಸಗಾರನೊಬ್ಬ ಮಷಿನ್ ಹಿಡಿದು ಅದೇ ಕಂಬವನ್ನು ಉಜ್ಜುತ್ತಿದ್ದ.

“ಆಪಂಡಿ!” ಎಂದು ತೆಲುಗಿನಲ್ಲಿ ಕೂಗುತ್ತ ಅಡ್ಡ ನಿಂತೆ. ಆಮೇಲೆ ಕನ್ನಡವೇ ಬಾಯಿಗೆ ಬಂತು. “ಅಕ್ಷರ ಅಳಿಸಿ ಹೋಗಾಕತ್ತಾವ!”

ಅವನು ಮಷಿನ್ ನಿಲ್ಲಿಸಿದ. ಕಲಬುರಗಿ ಕಡೆಯವನೆಂದು ಮಾತಿನಲ್ಲೇ ಗೊತ್ತಾಯಿತು.

“ನುಣ್ಣಗ ಮಾಡಂತ ಗುಡಿ ಕಮಿಟಿಯವರು ಹೇಳ್ಯಾರ್ರಿ. ನನಗ ಓದಾಕ ಬರಂಗಿಲ್ಲ. ಏನ್ ಬರದಿತ್ರಿ ಇದರಾಗ?”

ಬುಡದಲ್ಲಿ ಎರಡು ಸಾಲು ಉಳಿದಿದ್ದವು. ಮೊಣಕಾಲೂರಿ, ಕಲ್ಲಿನ ಪುಡಿ ಒರೆಸಿ, ಒಂದೊಂದೇ ಅಕ್ಷರವನ್ನು ಬೆರಳಿಂದ ತಡಕಿದೆ. ಆ ಹಳೆಯ ಲಿಪಿ ನನಗೂ ಬರುತ್ತಿರಲಿಲ್ಲ.

“ಗೊತ್ತಿಲ್ಲಪಾ” ಎಂದೆ.

ಆ ಎರಡು ಸಾಲಿನ ಫೋಟೊ ತೆಗೆದುಕೊಂಡೆ. ಮರುದಿನ ಹೋದಾಗ ಅವೂ ಇರಲಿಲ್ಲ.