ಉಣ್ಣೆ ಪಾಲ್ಮೀರಾಳ ನೀಲಿ ಕಿಟಕಿ

ಸಾಬಿನೋನಂಥ ಮೈಗಳ್ಳ ನಮ್ಮ ಬಂದರಿನ ಓಣಿಯಲ್ಲಿ ಇನ್ನೊಬ್ಬನಿಲ್ಲ. ದೋಣಿ ಹತ್ತಿದರೆ ವಾಂತಿ, ಆಲಿವ್ ತೋಟಕ್ಕೆ ಹೋದರೆ ಸೊಂಟನೋವು. ತಲೆ ನರೆತರೂ ತಾಯಿ ಪಾಲ್ಮೀರಾ ಬೇಯಿಸಿಟ್ಟದ್ದನ್ನು ತಿಂದುಕೊಂಡು ಬಿದ್ದಿದ್ದ. ಅಷ್ಟರಲ್ಲಿ ಯಾರೋ ನಮ್ಮೂರನ್ನಿಟ್ಟುಕೊಂಡು ಒಂದು ಕಾದಂಬರಿ ಬರೆದರು. ಅದರಲ್ಲಿ ರೊಸಾಲ್ಬಾ ಎಂಬುವಳು ಸಮುದ್ರದ ಕಡೆಯ ನೀಲಿ ಕಿಟಕಿಯಲ್ಲಿ ಕೂತು ಯಾರಿಗೋ ಕಾಯುತ್ತಾಳಂತೆ. ಓದಿದವರೆಲ್ಲ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಆ ಕಿಟಕಿ ಹುಡುಕಲು ಬರತೊಡಗಿದರು. ಇಲ್ಲದ ಹೆಂಗಸಿಗಾಗಿ ರೈಲು ಹತ್ತಿ ಬರುವ ಇವರು, ಇರುವ ಹೆಂಗಸರು ತರಕಾರಿ ಹೊತ್ತು ಎದುರಿಗೆ ಬಂದರೆ ದಾರಿ ಕೂಡ ಬಿಡುತ್ತಿರಲಿಲ್ಲ.

ಸಾಬಿನೋ ಆ ಪುಸ್ತಕದ ಒಂದು ಹಾಳೆಯನ್ನೂ ಮಗುಚಿದವನಲ್ಲ. ಆದರೂ ತಾಯಿಯ ಕಿಟಕಿಗೆ ನೀಲಿ ಬಣ್ಣ ಬಳಿದ. ಮುದುಕಿಗೆ ಕಪ್ಪು ಶಾಲು ಹೊದಿಸಿ ಅಲ್ಲಿ ಕೂರಿಸಿದ. ಇವಳೇ ನಿಜವಾದ ರೊಸಾಲ್ಬಾ ಎಂದು ಬಂದವರಿಗೆಲ್ಲ ಹಲ್ಲು ಕಿರಿಯುತ್ತಾ ತೋರಿಸಿ ಕಾಸು ಈಸಿಕೊಳ್ಳತೊಡಗಿದ.

ಪಾಲ್ಮೀರಾ ಯಾರೆಂದು ನಾನು ಹೇಳುತ್ತೇನೆ. ಊರಿನವರೆಲ್ಲ ಉಣ್ಣೆಯ ಹಾಸಿಗೆಯ ಮೇಲೆ ಮಲಗುತ್ತಿದ್ದ ಕಾಲದಲ್ಲಿ, ಪ್ರತಿ ಬೇಸಿಗೆ ಅವಳು ಮನೆಮನೆಗೆ ಹೋಗುತ್ತಿದ್ದಳು. ಗಟ್ಟಿಯಾದ ಹಾಸಿಗೆ ಬಿಚ್ಚಿ, ಉಣ್ಣೆ ತೊಳೆದು, ಮಾಳಿಗೆಯ ಮೇಲೆ ಒಣಗಿಸಿ, ಬೆರಳಿಂದ ಹಿಂಜಿ, ಮತ್ತೆ ತುಂಬಿ ಹೊಲಿಯುತ್ತಿದ್ದಳು. ಮದುವೆ ಗೊತ್ತಾದರೆ ಪಾದ್ರಿಗಿಂತ ಮೊದಲು ಅವಳಿಗೆ ಹೇಳಿಕಳಿಸುತ್ತಿದ್ದರು. ನಾವೆಲ್ಲ ಹುಟ್ಟಿದ್ದು ಅವಳು ಹೊಲಿದ ಹಾಸಿಗೆಯ ಮೇಲೆ. ಉಣ್ಣೆ ಪಾಲ್ಮೀರಾ ಎಂದರೆ ಎಲ್ಲರಿಗೂ ಗೊತ್ತು. ಅವಳ ಮನೆತನದ ಹೆಸರು ಅಂಚೆಯವನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಓಣಿಯವರೆಲ್ಲ ಅತ್ತೆ ಎಂದೇ ಕರೆಯುತ್ತಿದ್ದ ಅವಳ ಪಕ್ಕ ಕೂತು ಒಂದು ಮಧ್ಯಾಹ್ನ ಬಟಾಣಿ ಸುಲಿಯುತ್ತಿದ್ದೆ.

"ನುನ್ಸಿಯಾ, ಬೆಳಿಗ್ಗೆ ಪುಸ್ತಕ ಹಿಡ್ಕೊಂಡು ಬಂದಿದ್ದ ಆ ಕನ್ನಡಕದವಳು ಏನೋ ಕೇಳಿದ್ಳಲ್ಲೇ," ಎಂದಳು. "ಸೂಪಲ್ಲಿ ಹಾಕಿದ್ರಾ, ವೈನಲ್ಲಿ ಹಾಕಿದ್ರಾ ಅಂತ. ಏನದು?"

ಮಗಳ ಕೈಲಿ ಆ ಪುಸ್ತಕ ಓದಿಸಿ ಕೇಳಿದ್ದೆ. ಹೇಳದೆ ವಿಧಿಯಿರಲಿಲ್ಲ. "ವಿಷ, ಅತ್ತೆ. ಆ ರೊಸಾಲ್ಬಾ ಗಂಡಂಗೆ ವಿಷ ಹಾಕಿ ಕೊಲ್ತಾಳೆ."

ಗಂಡ ಸಮುದ್ರಪಾಲಾದ ಮೇಲೂ ಅವನ ಅಂಗಿಗೆ ಇಸ್ತ್ರಿ ಹಾಕಿಡುತ್ತಿದ್ದವಳು ಅವಳು.

"ನನ್ನ ಹೊಟ್ಟೇಲಿ ಕತ್ತೆ ಹುಟ್ಟಿದೆ," ಎಂದಳು. "ಬೈದ್ರೆ ಬುದ್ಧಿ ಬರೋ ವಯಸ್ಸೂ ಅಲ್ಲ. ಕೇಳಿಲ್ಲಿ. ನಾನು ಸತ್ರೆ ಗೋಡೆ ಚೀಟೀಲಿ ಉಣ್ಣೆ ಪಾಲ್ಮೀರಾ ಅಂತ ಹಾಕ್ಸು. ಇಲ್ದಿದ್ರೆ ಯಾರು ಸತ್ತಿದ್ದು ಅಂತ ತಿಳಿಯದೆ ಒಬ್ರೂ ಬರಲ್ಲ."

"ಹಾಕ್ಸ್ತೀನಿ ಅತ್ತೆ."

ಅವಳು ಹೇಳಿದ್ದು ಸರಿಯೇ. ಸಾವಿನ ಸುದ್ದಿ ನಮಗೆ ಗೋಡೆಗೆ ಅಂಟಿಸಿದ ಚೀಟಿಯಿಂದಲೇ ತಿಳಿಯಬೇಕು. ಒಂದೇ ಹೆಸರಿನವರು ಹತ್ತಾರು ಜನ; ಕೆಳಗೆ ಊರು ಕರೆಯುವ ಅಡ್ಡಹೆಸರಿಲ್ಲದಿದ್ದರೆ ಅರ್ಧ ಊರಿಗೆ ಸತ್ತವರ ಗುರುತೇ ಸಿಗುವುದಿಲ್ಲ.

ಸೆಪ್ಟೆಂಬರಿನಲ್ಲಿ ಪಾಲ್ಮೀರಾ ತೀರಿಕೊಂಡಳು. ನಾನು ಅವಳ ಮೈ ತೊಳೆದು ಬಟ್ಟೆ ಉಡಿಸುವಷ್ಟರಲ್ಲಿ ಸಾಬಿನೋ ಅಚ್ಚುಕೂಟಕ್ಕೆ ಹೋಗಿ ಬಂದಿದ್ದ. ಊರ ಗೋಡೆಗಳ ಮೇಲೆಲ್ಲ ಕಪ್ಪು ಅಂಚಿನ ಚೀಟಿ: ಪಾಲ್ಮೀರಾ ಲಾಮಾಕ್ಯಾ, ರೊಸಾಲ್ಬಾ ಎಂದೇ ಚಿರಪರಿಚಿತರು.

"ಏನೋ ಇದು, ಮಾನಗೆಟ್ಟವನೇ?" ಎಂದೆ. "ಹೆತ್ತ ತಾಯಿನ ಕೊಲೆಗಾತಿ ಮಾಡಿ ಮಣ್ಣಿಗೆ ಹಾಕ್ತೀಯಾ?"

"ಕೂಗಾಡ್ಬೇಡ ನುನ್ಸಿಯಾ. ಎಷ್ಟು ಜನ ಬರ್ತಾರೆ ನೋಡ್ತಿರು."

ಬಂದರು, ಪುಸ್ತಕದವರು. ಬಾಗಿಲಲ್ಲಿ ಹೂವಿಟ್ಟು, ಹೂವಿನ ಜೊತೆ ತಮ್ಮದೇ ಫೋಟೋ ತೆಗೆದುಕೊಂಡರು. ನಮ್ಮೂರಿನವರು ಚೀಟಿ ಓದಿ, ಯಾರೋ ಹೊರಗಿನವಳು ಎಂದುಕೊಂಡು ಮುಂದೆ ಹೋದರು. ನಮ್ಮ ಓಣಿಯ ನಾಲ್ಕು ಜನ ಬಿಟ್ಟರೆ ಶವದ ಸುತ್ತಲಿನ ಕುರ್ಚಿಗಳೆಲ್ಲ ಖಾಲಿ.

ಮನೆಗೆ ಹೋಗಿ ನನ್ನ ಮದುವೆಯ ಹಾಸಿಗೆಯ ಹೊಲಿಗೆ ಬಿಚ್ಚಿದೆ. ಅವಳು ತುಂಬಿದ್ದ ಉಣ್ಣೆಯನ್ನು ಮಡಿಲಿಗೆ ಕಟ್ಟಿಕೊಂಡು, ಮೈದಾ ಅಂಟು ಹಿಡಿದು ಬೀದಿಬೀದಿ ಸುತ್ತಿದೆ. ಪ್ರತಿ ಚೀಟಿಯಲ್ಲೂ ಆ ರೊಸಾಲ್ಬಾಳ ಮೇಲೆ ಒಂದೊಂದು ಹಿಡಿ ಉಣ್ಣೆ ಮೆತ್ತಿದೆ.

ಸಂಜೆಯ ಹೊತ್ತಿಗೆ ಓಣಿ ಹಿಡಿಸದಷ್ಟು ಜನ. ಮೀನು ಮಾರುವವರು, ಕೋಲೂರಿಕೊಂಡು ಬಂದ ಅಜ್ಜಿಯರು, ಅವಳ ಹಾಸಿಗೆಯಲ್ಲಿ ಹುಟ್ಟಿ ಈಗ ಬೊಜ್ಜು ಬಂದ ಗಂಡಸರು. "ನಮ್ಮ ಉಣ್ಣೆ ಪಾಲ್ಮೀರಾ ಅಂತ ಯಾರೂ ಯಾಕೆ ಹೇಳ್ಲಿಲ್ಲ?" ಎಂದು ಅಳುತ್ತಲೇ ಒಳಗೆ ಹೋದರು. ಪುಸ್ತಕದವರು ಗೋಡೆಗೆ ಒತ್ತಿಕೊಂಡು ನಿಂತರು. ದಾರಿ ಬಿಡುವುದನ್ನು ಅವತ್ತು ಕಲಿತರು.

ಅವರಲ್ಲೊಬ್ಬಳು ಸಾಬಿನೋನನ್ನು ಕೇಳಿದಳು. "ಚೀಟಿ ಮೇಲೆ ಆ ಉಣ್ಣೆ ಯಾಕೆ?"

ಅವನು ತಡವರಿಸಲೂ ಇಲ್ಲ. "ಅದೂ ಕಾದಂಬರೀಲಿದೆ ಮೇಡಂ, ಕೊನೇಲಿ ಬರುತ್ತೆ."

"ಇಲ್ಲಮ್ಮ, ಅದು ನನ್ನ ಹಾಸಿಗೇಲಿತ್ತು," ಎಂದೆ. "ತುಂಬಿದವಳು ಒಳಗೆ ಮಲಗಿದ್ದಾಳೆ. ಪುಸ್ತಕ ಹೊರಗಿಟ್ಟು ಬಂದು ನೋಡು."