ಮಿಸ್ ಒಪ್ಪದ ರಣಹದ್ದು

ಮೊನ್ನೆ ಬಂಗಾರಪೇಟೆಯಿಂದ ಆಟೋದಲ್ಲಿ ಬರುವಾಗ, ರಸ್ತೆ ಬದಿಯ ಹಳ್ಳದಿಂದ ಸತ್ತ ಎಮ್ಮೆಯ ನಾತ ಗಪ್ಪೆಂದು ಬಡಿಯಿತು. ಎಲ್ಲರೂ ಸೆರಗು, ಕರ್ಚೀಫು ಹುಡುಕಿ ಮೂಗಿಗೆ ಹಿಡಿದರು. ನಾನು ಮಾತ್ರ ಕತ್ತು ಹೊರಗೆ ಚಾಚಿ ಆಕಾಶ ನೋಡಿದೆ. ಪಕ್ಕದಲ್ಲಿದ್ದ ಅಜ್ಜಿ ಪಾಪ, ಇವಳಿಗೆ ತಲೆ ಸರಿಯಿಲ್ಲ ಅಂದುಕೊಂಡಿರಬೇಕು. ಈ ಚಟ ಹಿಡಿಸಿದ್ದು ನಮ್ಮ ಸೈನ್ಸ್ ಮಿಸ್ ಎಂದು ಅವರಿಗೆ ಹೇಗೆ ಹೇಳಲಿ?

ನಂದಿದುರ್ಗ ಚಿನ್ನದ ಗಣಿಯ ಲೈನ್ ಮನೆಗಳಲ್ಲಿ ಮಿಸ್ ನಮ್ಮ ಪಕ್ಕದವರು. ಶಾಲೆಯಿಂದ ನಿವೃತ್ತರಾದ ಮೇಲೆ ಅವರಿಗೊಂದು ವಿಚಿತ್ರ ಕೆಲಸ ಗಂಟುಬಿದ್ದಿತ್ತು. ಸುತ್ತಮುತ್ತ ಯಾರಾದರೂ ಅಪರೂಪದ ಗಿಡುಗವನ್ನೋ ಹದ್ದನ್ನೋ ಕಂಡೆ ಎಂದರೆ, ಅದು ನಿಜವೋ ಅಲ್ಲವೋ ಎಂದು ತೀರ್ಮಾನಿಸುವುದು. ನಮ್ಮ ಹಕ್ಕಿ ನೋಡುವ ಗುಂಪು ಅವರು ಒಪ್ಪಿದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿತ್ತು. ಅವರು ಒಪ್ಪುವುದೋ... ಆ ಹಕ್ಕಿಗಳಿಗಿಂತ ಅಪರೂಪ!

ಹಕ್ಕಿಯ ಹೆಸರನ್ನು ಅವರು ಕೇಳುತ್ತಲೇ ಇರಲಿಲ್ಲ. ಬಂದವರನ್ನು ಅಂಗಳದಲ್ಲಿ ನಿಲ್ಲಿಸಿ, ತೋಳು ಚಾಚಿ ಅದು ಹಾರಿದ ಹಾಗೆ ತೋರಿಸಿ ಎನ್ನುತ್ತಿದ್ದರು. ಗಣಿಯಲ್ಲಿ ದುಡಿದ ತಾತಂದಿರು, ಕುರಿ ಕಾಯುವವರು, ಎಲ್ಲರೂ ನಾಚುತ್ತಲೇ ರೆಕ್ಕೆ ಬಿಚ್ಚಿ ಅಂಗಳ ಸುತ್ತುತ್ತಿದ್ದರು. ಬಾಲ ಉದ್ದವೋ ಮೋಟೋ? ಕಾಗೆಗಳು ಏನು ಮಾಡಿದವು? ಪ್ರಶ್ನೆಗಳು ಮುಗಿಯುತ್ತಲೇ ಇರಲಿಲ್ಲ. ನನಗೋ ಅದನ್ನು ನೋಡುವುದೇ ಮೋಜು, ಕಾಫಿ ಲೋಟ ಹಿಡಿದು ಕಾಂಪೌಂಡಿಗೆ ಒರಗಿಬಿಡುತ್ತಿದ್ದೆ.

ಒಮ್ಮೆ ಕುರಿ ಕಾಯುವವನೊಬ್ಬ ಓಡೋಡಿ ಬಂದ. "ಈಟುದ್ದ ರೆಕ್ಕೆ ಮಿಸ್ಸಮ್ಮಾ, ಕಣ್ಣಾರ ನೋಡ್ದೆ!"

"ಕತ್ತಿನ ಮೇಲೆ ಪುಕ್ಕ ಇತ್ತೋ, ಬೋಳಾಗಿತ್ತೋ?"

"ಅದೇನೋ ತಾಯಿ... ಗರುಡ ಬಂದ್ನಲ್ಲಾ ಅಂತ ಕೆನ್ನೆ ಬಡ್ಕಂಡು, ಕಣ್ಮುಚ್ಚಿ ಕೈ ಮುಗ್ದೆ. ಕಣ್ ಬಿಡೋ ಒತ್ಗೆ ಓಗ್ಬಿಟ್ಟಿತ್ತು."

ನಮ್ಮ ಕಡೆಯ ಅರ್ಧಕ್ಕರ್ಧ ಹಕ್ಕಿಗಳು ಹೀಗೆ ಭಕ್ತಿಯಲ್ಲೇ ತಪ್ಪಿಹೋಗುತ್ತಿದ್ದವು. "ಮೊದ್ಲು ನೋಡ್ರಪ್ಪಾ, ಆಮೇಲೆ ಕೈ ಮುಗೀರಿ" ಎಂದು ಮಿಸ್ ಹಣೆ ಚಚ್ಚಿಕೊಂಡರು.

ಅವರು ಕಾಯುತ್ತಿದ್ದುದು ಬೋಳು ಕತ್ತಿನ ರಣಹದ್ದಿಗೆ. ಅವರ ಚಿಕ್ಕಂದಿನಲ್ಲಿ ಇದೇ ಬಯಲಿನಲ್ಲಿ ಅವು ಹಿಂಡುಹಿಂಡಾಗಿ ಇಳಿಯುತ್ತಿದ್ದವಂತೆ. ದನಗಳಿಗೆ ಕೊಟ್ಟ ನೋವಿನ ಮದ್ದು, ಸತ್ತ ದನವನ್ನು ತಿಂದ ಅವುಗಳ ಜೀವವನ್ನೇ ತೆಗೆಯಿತು ಎಂದು ಮಿಸ್ ಹೇಳುತ್ತಿದ್ದರು. ಅವರ ಒಂದು ಕಣ್ಣು ಆಗಲೇ ಹೋಗಿತ್ತು, ಇನ್ನೊಂದೂ ಮಂಜಾಗುತ್ತಿತ್ತು. ಅದೂ ಹೋಗುವುದರೊಳಗೆ ರಣಹದ್ದು ಮತ್ತೆ ಇಲ್ಲಿಗೆ ಬಂತು ಎಂದು ಒಮ್ಮೆಯಾದರೂ ಒಪ್ಪಬೇಕು. ಅದೊಂದೇ ಆಸೆ.

ಒಂದು ಬೆಳಿಗ್ಗೆ ಮಿಸ್ ಫೋನ್ ಮಾಡಿದರು. "ಸೈನೈಡ್ ದಿಬ್ಬದ ಹತ್ರ ಬಾರೇ, ಬೇಗ!" ಚಿನ್ನ ತೆಗೆದು ಬಿಟ್ಟ ಗಣಿಮಣ್ಣಿನ ಆ ಗುಡ್ಡಕ್ಕೆ ನಾನು ಹೋಗುವಷ್ಟರಲ್ಲಿ ಆಕಾಶ ಖಾಲಿ. ಮಿಸ್ ಕಲ್ಲಿನ ಮೇಲೆ ಕೂತಿದ್ದರು, ಮುಖ ಮದುವಣಗಿತ್ತಿಯ ಹಾಗೆ ಕೆಂಪಾಗಿತ್ತು. ನಾನು ತಮಾಷೆಗೆ ಅವರ ಪ್ರಶ್ನೆಗಳನ್ನು ಅವರಿಗೇ ಹಾಕಿದೆ. ಅವರು ಎದ್ದು ತೋಳು ಚಾಚಿದರು. ಅಗಲ, ನೇರ, ತುದಿಯಲ್ಲಿ ಬೆರಳು ಬಿಡಿಸಿದ ಹಾಗೆ. ಬಾಲ ಮೋಟು. ಕಾಗೆಗಳು ಚೆಲ್ಲಾಪಿಲ್ಲಿ. ಎಲ್ಲ ಸರಿಯಾಗಿತ್ತು.

"ಕತ್ತು, ಮಿಸ್?"

ಅವರು ಚಾಚಿದ್ದ ತೋಳು ಇಳಿಸಿದರು. ಆಮೇಲೆ ನಗುತ್ತಾ, ಅಳುತ್ತಾ ಹೇಳಿದರು, "ತಲೆ ಮೇಲೇ ಬಂತು ಕಣೇ... ಕೈ ಮುಗ್ದು ಕಣ್ ಮುಚ್ಬಿಟ್ಟೆ."

"ಪರವಾಗಿಲ್ಲ, ಸೇರಿಸೋಣ ಮಿಸ್. ನೀವೇ ನೋಡಿದೀರಲ್ಲ."

"ಬೇಡ. ಇಷ್ಟು ವರ್ಷ ಕಾಯ್ತಾ ಕೂತೋಳ ಕಣ್ಣನ್ನ ಹೆಂಗೇ ನಂಬೋದು?"

ನನಗೆ ಸಿಟ್ಟು ಬಂತು. ಜಗಳವನ್ನೂ ಆಡಿದೆ. ಅವರು ಜಗ್ಗಲಿಲ್ಲ, ತಮ್ಮ ಹಕ್ಕಿಯನ್ನು ತಾವೇ ತಳ್ಳಿಹಾಕಿದರು. ಆ ಕಣ್ಣೂ ಹೋಯಿತು. ಆಮೇಲೆ ಅವರೂ...

ಈಗ ಆ ಕೆಲಸ ನನ್ನ ಪಾಲಿಗೆ ಬಂದಿದೆ. ನಾನೊಮ್ಮೆ ಹೂಂ ಅಂದರೆ ಸಾಕು, ಅವರ ರಣಹದ್ದು ಲೆಕ್ಕಕ್ಕೆ ಸೇರುತ್ತದೆ, ಗುಂಪಿನಲ್ಲಿ ಯಾರೂ ಬೇಡ ಅನ್ನುವುದಿಲ್ಲ. ಎಷ್ಟೋ ಸಲ ಮನಸ್ಸು ಮಾಡಿದ್ದೇನೆ, ಆಗಿಲ್ಲ. ಬೈಯಲು ಮಿಸ್ ಇದ್ದಿದ್ದರೆ ಯಾವಾಗಲೋ ಸೇರಿಸಿಬಿಡುತ್ತಿದ್ದೆ.