ತೆಗೆದು ತೋರಿಸು ಎನ್ನುತ್ತಿದ್ದ ಮೇಡಂ

ಇಳಕಲ್ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು. ಹಿಮ್ಮಡಿ ನೋವಿಗೆಂದು ಡಾಕ್ಟರು ಹೇಳಿದ್ದರಂತೆ. ನಮ್ಮ ಮೇಡಂ ಅದನ್ನೇ ಮದುವೆ ಮನೆಗೂ ಹಾಕಿಕೊಂಡು ಹೋಗುತ್ತಿದ್ದರು. ಹೈದರಾಬಾದಿನ ಹಿಮಾಯತ್‌ನಗರದ ಆಫೀಸಿನ ಮೆಟ್ಟಿಲ ಮೇಲೆ ಆ ಬೂಟಿನ ಕಿರಕಿರ ಕೇಳಿಸಿದರೆ ಸಾಕು, ನಾವು ಫೋನು ಕೆಳಗಿಡುತ್ತಿದ್ದೆವು.

ಅಮೀರ್‌ಪೇಟ್‌ನಲ್ಲಿ ಕ್ಲೌಡ್ ಕೋರ್ಸು ಮುಗಿಸಿ ನಾನು ಸೇರಿದ ಮೊದಲ ಕೆಲಸ ಅದು. ಆಸ್ಪತ್ರೆಗಳ ಸ್ಕ್ಯಾನ್ ಚಿತ್ರಗಳನ್ನು ಜೋಪಾನ ಮಾಡುವ ಸಣ್ಣ ಕಂಪನಿ. ಮೇಡಂ ನಮ್ಮ ತಂಡದ ಮುಖ್ಯಸ್ಥೆ. ಅವರ ಅಜ್ಜ ನೌಕರಿಗಾಗಿ ಕಲಬುರಗಿಯಿಂದ ಬಂದವರು. ಎಲ್ಲರೊಡನೆ ತೆಲುಗು, ರಾಯಚೂರಿನವಳಾದ ನನ್ನೊಡನೆ ಮಾತ್ರ ಮನೆಯ ಕನ್ನಡ.

ಚಿತ್ರಗಳೆಲ್ಲ ಹೈದರಾಬಾದಿನ ಡೇಟಾ ಸೆಂಟರಿನಲ್ಲಿದ್ದವು. ಇಲ್ಲಿ ಏನಾದರೂ ಆದರೆ ಇರಲಿ ಎಂದು, ಬಂದ ಪ್ರತಿ ಚಿತ್ರದ ನಕಲು ತಾನಾಗಿ ಮುಂಬಯಿಗೂ ಹೋಗುವಂತೆ ಮಾಡುವ ಕೆಲಸ ನನಗೆ ಬಂತು. ಮಾಡಿದೆ. ಪರದೆಯ ಮೇಲೆ ಹಸಿರು ಗುರುತೂ ಬಂತು.

“ಎಲ್ಲಾ ಹೋಗ್ಯಾವ್ರಿ ಮೇಡಂ,” ಎಂದೆ ಹೆಮ್ಮೆಯಿಂದ.

“ಹೋಗ್ಯಾವ ಅನ್ನಬ್ಯಾಡ ತಂಗಿ. ಮುಂಬಯಿಯಿಂದ ಒಂದು ತೆಗೆದು ತೋರಿಸು.”

ತೆರೆಯಲಿಲ್ಲ. ಸಂಕೇತದಲ್ಲಿ ಮುಚ್ಚಿಟ್ಟ ಫೈಲುಗಳನ್ನು ಬಿಚ್ಚುವ ಡಿಜಿಟಲ್ ಕೀಲಿ ಹೈದರಾಬಾದಿನಲ್ಲಷ್ಟೇ ಇತ್ತು. ಬೈಗುಳಕ್ಕೆ ಕಾದು ನಿಂತೆ. ಅವರು ಡ್ರಾಯರಿನಿಂದ ಹುರಿದ ಶೇಂಗಾ ತೆಗೆದು ನನ್ನ ಮುಂದಿಟ್ಟರು. “ಇವತ್ತ ಗೊತ್ತಾತಲ್ಲ, ಛಲೋ ಆತು. ತಿನ್ನು, ಆಮ್ಯಾಲ ಸರಿ ಮಾಡೋಣು.”

ಅಂದಿನಿಂದ ಪ್ರತಿ ಸೋಮವಾರ ಮುಂಬಯಿಯಿಂದ ಒಂದು ಚಿತ್ರ ತೆಗೆದು ಅವರಿಗೆ ತೋರಿಸಬೇಕಿತ್ತು. ಬೇಜಾರಿನ ಕೆಲಸ. ಅವರು ಮಾತ್ರ ಪ್ರತಿ ಸಲವೂ ಕನ್ನಡಕ ಏರಿಸಿ ನೋಡುವರು.

ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಹೈದರಾಬಾದಿನ ಡೇಟಾ ಸೆಂಟರಿನಲ್ಲಿ ಎಲ್ಲವೂ ನಿಂತುಹೋಯಿತು. ವರಂಗಲ್ಲಿನಿಂದ ಡಾಕ್ಟರೊಬ್ಬರ ಫೋನು: ಮಗುವೊಂದನ್ನು ತಲೆಯ ಆಪರೇಷನ್ನಿಗೆ ಸಿದ್ಧ ಮಾಡಿದ್ದಾರೆ, ಸ್ಕ್ಯಾನ್ ತೆರೆಯುತ್ತಿಲ್ಲ. ಮಾಲೀಕರು ಸ್ವಲ್ಪ ಕಾಯೋಣ ಎಂದರು. ಆಸ್ಪತ್ರೆಗಳನ್ನೆಲ್ಲ ಮುಂಬಯಿಯ ಪ್ರತಿಗೆ ತಿರುಗಿಸಿಬಿಟ್ಟರೆ, ಈಗಷ್ಟೇ ಬಂದು ಇನ್ನೂ ಅತ್ತ ದಾಟದ ಚಿತ್ರಗಳು ಕಳೆದುಹೋದಾವು ಎಂಬ ಅಂಜಿಕೆ ಅವರದು.

ಮೇಡಂ ಡಾಕ್ಟರರಿಗೆ ಒಂದೇ ಪ್ರಶ್ನೆ ಕೇಳಿದರು: ಸ್ಕ್ಯಾನ್ ಮಾಡಿದ್ದು ಯಾವಾಗ? ಬೆಳಿಗ್ಗೆ ಎಂದರು.

“ಹಂಗಾದ್ರ ದಾಟೈತಿ. ಸರಿ ತಂಗಿ, ನನಗ ಜಾಗಾ ಬಿಡು. ತಪ್ಪಾದ್ರ ನನ್ನ ಮ್ಯಾಲೆ ಬರಲಿ.” ನನ್ನ ಕುರ್ಚಿಯಲ್ಲಿ ಕೂತು, ಮುಂಬಯಿಗೆ ತಿರುಗಿಸುವ ಗುಂಡಿಯನ್ನು ತಾವೇ ಒತ್ತಿದರು.

ಮತ್ತೊಮ್ಮೆ ತೆರೆದು ನೋಡಲು ಡಾಕ್ಟರರಿಗೆ ಹೇಳಿದರು. ಫೋನಿನಲ್ಲಿ ಡಾಕ್ಟರರ ದನಿ ಬಂತು: “ವಚ್ಚಿಂದಿ ಮೇಡಂ! ವಚ್ಚಿಂದಿ!” ಬಂತು ಎಂಬ ಆ ಒಂದು ತೆಲುಗು ಮಾತಿಗೆ ಕೋಣೆಗೆ ಕೋಣೆಯೇ ಹಗುರಾಯಿತು. ದಾಟದೆ ಉಳಿದವು ಕೆಲವಿದ್ದವು. ಮೇಡಂ ಒಂದೊಂದು ಸ್ಕ್ಯಾನ್ ಸೆಂಟರಿಗೂ ಫೋನು ಮಾಡಿ ಮತ್ತೆ ಕಳಿಸಿಕೊಂಡರು. ಸಂಜೆಯೊಳಗೆ ಎಲ್ಲವೂ ಸಿಕ್ಕವು. ಆಮೇಲೆ ತಣ್ಣಗಾದ ರೊಟ್ಟಿ ಬಿಚ್ಚಿ ಎಲ್ಲರಿಗೂ ಹಂಚಿದರು. ಮಗು ಎಚ್ಚರಾಗಿ ಅಮ್ಮನನ್ನು ಕರೆಯಿತು ಎಂಬ ಸುದ್ದಿ ಮರುದಿನ ಬಂತು.

ಅವರು ನಿವೃತ್ತರಾದ ಮೇಲೆ ಆ ಜವಾಬ್ದಾರಿ ನನಗೆ ಬಂತು. ಇಂಥ ನಿರ್ಧಾರ ಎದುರಾದಾಗಲೆಲ್ಲ ನನ್ನ ಕೈ ನಡುಗುತ್ತಿತ್ತು. ಅವರಂಥ ಧೈರ್ಯ ನನಗಿಲ್ಲ, ಈ ಕೆಲಸಕ್ಕೆ ನಾನು ತಕ್ಕವಳಲ್ಲ ಎಂದು ಒಳಗೊಳಗೇ ಕುಗ್ಗುತ್ತಿದ್ದೆ.

ಹೋದ ವರ್ಷ ಮೇಡಂ ತೀರಿಕೊಂಡರು. ಮನೆಯವರನ್ನು ಮಾತಾಡಿಸಲು ಹೋದಾಗ ಅವರ ಯಜಮಾನರು ಆ ಮಧ್ಯಾಹ್ನವನ್ನು ನೆನೆದರು. “ಅವತ್ತ ಆಕಿ ಮನಿಗೆ ಬಂದು ಏನಂದ್ಲು ಗೊತ್ತೇನ್ರಿ? ಗುಂಡಿ ಒತ್ತುವಾಗ ಕೈ ಥರಥರ ನಡುಗತಿತ್ತು, ಸದ್ಯ, ಆ ಹುಡುಗಿ ನೋಡ್ಲಿಲ್ಲ ಅಂತ.”

ಅಳಲೆಂದು ಹೋದವಳು ನಕ್ಕುಬಿಟ್ಟೆ. ಅವರೂ ನಕ್ಕರು. ಮಿಯಾಪುರದ ಮೆಟ್ರೋದಲ್ಲಿ ಮನೆಗೆ ಮರಳುವಾಗ, ಬಹಳ ದಿನಗಳ ಮೇಲೆ, ಎದೆ ತುಂಬ ಉಸಿರಾಡಿದೆ.